ಕಡಲದಂಡೆ ಗುಡಿಸುವ ಊರಿನಲ್ಲಿ ಗೂಟದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಗಲ ಮೇಲೆ ಗೂಟಗಳ ಕಟ್ಟು, ಸೊಂಟಕ್ಕೆ ಸಿಕ್ಕಿಸಿದ ಸುತ್ತಿಗೆ, ಕೈಯಲ್ಲಿ ಕೆಂಪು ಬಣ್ಣದ ಡಬ್ಬ. ಊರವರು ಗೂಟದಕ್ಕ ಎಂದು ಕರೆಯುವ ಹೆಂಗಸು ಮರಳಿನ ಮೇಲೆ ಬಗ್ಗಿ ಏನನ್ನೋ ಹುಡುಕುತ್ತಿದ್ದಾರೆ. ಹುಡುಕುತ್ತಿರುವುದು ಕಸವನ್ನು. ಅದೇ ಸಿಗುತ್ತಿಲ್ಲ.

"ನೋಡಿ, ಎಷ್ಟು ಚೊಕ್ಕಟ! ವರ್ಷವೆಲ್ಲ ಸ್ವಂತ ಅಂಗಳ ಗುಡಿಸದ ಜನ, ನಾನು ಬರೋ ದಿನ ಕಡಲದಂಡೆ ಗುಡಿಸ್ತಾರೆ. ಏನು ಹೇಳೋಣ ಇವರಿಗೆ?"

ಉಬ್ಬರದ ನೀರು ಇಳಿಯುವಾಗ ಪಾಚಿ, ಚಿಪ್ಪು, ಕಡ್ಡಿಗಳನ್ನು ದಂಡೆಯ ಮೇಲೆ ಬಿಟ್ಟುಹೋಗುತ್ತದೆ. ಕಡಲು ಎಲ್ಲಿಯವರೆಗೆ ಬಂದಿತ್ತು ಎನ್ನಲು ಆ ಕಸದ ಗೆರೆಯೇ ಸಾಕ್ಷಿ. ಅಲ್ಲಿಂದ ಊರ ಕಡೆಗೆ ಅಳತೆಯ ಹಗ್ಗ ಎಳೆದು, ಹಗ್ಗ ಮುಗಿದಲ್ಲಿ ಗೂಟ ಹೊಡೆದು ಕೆಂಪು ಬಳಿಯುವುದು ಸರ್ಕಾರಿ ಆಫೀಸಿನವರು ಇವರಿಗೆ ಕೊಟ್ಟ ಕೆಲಸ. ಗೂಟದಿಂದ ಆಚೆ, ಕಡಲ ಕಡೆಗೆ, ಯಾರೂ ಹೊಸ ಗೋಡೆ ಎಬ್ಬಿಸುವಂತಿಲ್ಲ. ಹಾಗಾಗಿ ಅಳತೆಯ ದಿನ ಬಂತೆಂದರೆ ಮನೆಮನೆಯಿಂದ ಪೊರಕೆ ಹೊರಬೀಳುತ್ತದೆ. ಕಸವನ್ನು ನೀರಿನ ಕಡೆಗೆ ತಳ್ಳಿದರೆ ಗೂಟವೂ ಅಷ್ಟು ಆಚೆ ಹೋಗುತ್ತದೆ ಎಂಬ ಆಸೆ. ಪೊರಕೆಗಳು ಏಳುವ ಮೊದಲೇ ಇವರು ಏಳಬೇಕು.

ಮೊದಲು ಗಂಡ ಮಾಡುತ್ತಿದ್ದ ಕೆಲಸವಿದು. ಅವರ ಸೊಂಟ ಹಿಡಿದುಕೊಂಡ ಮೇಲೆ ಸುತ್ತಿಗೆ ಇವರ ಕೈಗೆ ಬಂತು. ಹೊಡೆದ ಗೂಟಗಳಾದರೂ ನೆಮ್ಮದಿಯಾಗಿ ಇರುತ್ತವೆಯೇ? ಒಂದಕ್ಕೆ ಮೇಕೆ ಕಟ್ಟಿರುತ್ತಾರೆ, ಇನ್ನೊಂದರ ಮೇಲೆ ಬಟ್ಟೆ ಒಣಗುತ್ತಿರುತ್ತದೆ, ಮತ್ತೊಂದು ಯಾರದೋ ಒಲೆ ಸೇರಿರುತ್ತದೆ. ಮೂಲೆಮನೆಯವರು ಗೂಟ ಕಿತ್ತೆಸೆದು ಅಲ್ಲೇ ಕೋಣೆ ಕಟ್ಟಿದರು. ಕಳೆದ ಮಳೆಗಾಲದಲ್ಲಿ ಕಡಲು ಆ ಕೋಣೆಯನ್ನು ಮಂಚದ ಸಮೇತ ಎಳೆದುಕೊಂಡು ಹೋಯಿತು.

"ಪುಣ್ಯಕ್ಕೆ ಯಾರೂ ಒಳಗಿರಲಿಲ್ಲ. ಆಮೇಲೆ ಬಂದು ನನಗೇ ಬೈದ್ರು. 'ನೀನು ಸ್ವಲ್ಪ ಗಟ್ಟಿಯಾಗಿ ಹೇಳ್ಬಾರ್ದಿತ್ತಾ' ಅಂತ! ಇನ್ನೇನು, ಎದೆ ಮೇಲೆ ಕೂತು ಹೇಳ್ಬೇಕಿತ್ತಾ?"

ಮಾತಾಡುತ್ತಲೇ ಅವರು ಗಕ್ಕನೆ ನಿಲ್ಲುತ್ತಾರೆ. ಮರಳಿನ ಮೇಲೆ ಪೊರಕೆಯ ಗೀರುಗಳಿವೆ. ಎಲ್ಲರ ಪೊರಕೆಯೂ ಒಂದು ಕಡೆಗೆ ಬಾಗಿದರೆ ಇಲ್ಲಿಯದು ಇನ್ನೊಂದು ಕಡೆಗೆ. ಗುಡಿಸಿದವರು ಎಡಚರು. ಈ ಸಾಲಿನಲ್ಲಿ ಎಡಗೈ ಬಳಸುವವರು ಒಬ್ಬರೇ, ಇವರ ಒಡಹುಟ್ಟಿದ ಅಕ್ಕ.

"ಅಕ್ಕಾ! ನೀನೂನಾ?"

ಅಕ್ಕ ಬಾಗಿಲಲ್ಲೇ ನಿಂತಿದ್ದಾರೆ. ಪೊರಕೆ ಇನ್ನೂ ಕೈಯಲ್ಲಿದೆ.

"ಹೂಂ ಕಣೇ, ನಾನೇ. ಏನೀಗ? ಬಾಣಂತಿ ಮಗಳು ಅಡುಗೆಮನೇಲಿ ಮಲಗ್ತಾಳೆ. ಕೂಸಿನ ತಲೆ ಹತ್ರ ಸೀಮೆಎಣ್ಣೆ ಸ್ಟವ್. ಒಂದೇ ಒಂದು ಕೋಣೆ ಕೇಳ್ತಿದೀನಿ, ಅರಮನೆ ಅಲ್ಲ."

"ಹಿಂದಕ್ಕೆ ಕಟ್ಕೊ ಅಂದ್ರೆ..."

"ಹಿಂದೆ ಹೊಲ! ಅದು ಸಾಗುವಳಿ ಜಮೀನು, ಮನೆ ಕಟ್ಟೋ ಹಾಗಿಲ್ಲ ಅಂತಾರೆ ಒಂದು ಆಫೀಸಿನವರು. ಮುಂದೆ ಕಡಲು, ಕಟ್ಟೋ ಹಾಗಿಲ್ಲ ಅಂತಾರೆ ಇನ್ನೊಂದು ಆಫೀಸಿನವರು. ನಡುವೆ ನಿಂತು ತಲೆ ಚಚ್ಕೋಬಹುದು, ಅದಕ್ಕೆ ಮಾತ್ರ ಪರವಾನಗಿ ಬೇಡ!"

ಗೂಟದಕ್ಕ ಡಬ್ಬ ಕೆಳಗಿಡುತ್ತಾರೆ. ಮಂಡಿಯೂರಿ ಬೆರಳಿನಿಂದ ಮರಳು ಕೆದಕುತ್ತಾರೆ. ಗುಡಿಸಿದ ಮರಳಿನಡಿ ಚೂರುಚೂರು ಪಾಚಿ ಉಳಿದಿದೆ. ಅಲ್ಲಿಂದಲೇ ಹಗ್ಗ ಎಳೆಯುತ್ತಾರೆ. ಹಗ್ಗ ಅಂಗಳ ದಾಟಿ, ಅಳಿಯ ಕೋಣೆಗೆಂದು ಪೇರಿಸಿಟ್ಟ ಇಟ್ಟಿಗೆಗಳನ್ನು ದಾಟಿ, ಹೊಸಿಲ ಮುಂದೆ ನಿಲ್ಲುತ್ತದೆ. ಹೋದ ಸಲಕ್ಕಿಂತ ಕಡಲು ಮೇಲೆ ಬಂದಿದೆ.

"ಮೂಲೆಮನೆ ಮಂಚ ಹೋಗಿದ್ದು ನೀನೇ ನೋಡಿದೀಯಲ್ಲಕ್ಕ," ಎನ್ನುತ್ತಾರೆ ಗೂಟದಕ್ಕ. "ಇಲ್ಲಿ ಮಲಗೋದು ಕೂಸು."

ಅಕ್ಕ ಕೈ ಸಡಿಲಿಸುತ್ತಾರೆ. ಪೊರಕೆ ಒಂದು ಕಡೆ ಬೀಳುತ್ತದೆ. ಗೂಟವನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಾರೆ.

"ಹೊಡೆಯೋದಾದ್ರೆ ಆಳಕ್ಕೆ ಹೊಡಿ. ಇಲ್ದಿದ್ರೆ ನಾಳೆ ನಾನೇ ಕಿತ್ತೇನು."

ಸುತ್ತಿಗೆಯ ಸದ್ದಿಗೆ ಒಳಗೆ ಕೂಸು ಎದ್ದು ಅಳುತ್ತದೆ. ಇವತ್ತು ಈ ಮನೆಯಲ್ಲಿ ಗೂಟದಕ್ಕನಿಗೆ ಟೀ ಇಲ್ಲ. ಅವರೂ ಕೇಳುವುದಿಲ್ಲ.

ಮುಂದಿನ ಮನೆಯ ಕಡೆಗೆ ನಡೆಯುತ್ತ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಆಫೀಸಿನವರಿಗೆ ಎಷ್ಟೋ ಸಲ ಹೇಳಿದ್ದಾರಂತೆ, ಹೊಲದ ಅಂಚಿನ ಪಾಳುಬಿದ್ದ ಜಾಗವನ್ನಾದರೂ ಮನೆಗಳಿಗೆ ಬಿಡಿ ಎಂದು. "ನಮ್ಮ ವಿಭಾಗಕ್ಕೆ ಬರಲ್ಲಮ್ಮ" ಎಂಬ ಉತ್ತರ ಅವರಿಗೀಗ ಬಾಯಿಪಾಠ.

"ಬೇಡ ಅನ್ನೋಕೆ ನನ್ನ ಕಳಿಸ್ತಾರೆ. ಎಲ್ಲಿ ಕಟ್ಬೇಕು ಅಂತ ತೋರಿಸೋಕೆ ಯಾರನ್ನೂ ಕಳಿಸಲ್ಲ. ಎಷ್ಟು ಡಬ್ಬ ಕೆಂಪು ಬಣ್ಣ ಕೊಟ್ರು ಇವರು! ಒಂದು ಡಬ್ಬ ಹಸಿರು ಕೊಡ್ಲಿ, ಸಾಕು. 'ಇಲ್ಲಿ ಕಟ್ಕೊಳ್ಳಿ' ಅಂತ ಗೂಟ ಹೊಡೀತೀನಿ. ಮೊದಲನೇದು ನಮ್ಮಕ್ಕನಿಗೆ. ಅದನ್ನ ಹಿಡ್ಕೊಳ್ಳೋಕೂ ಅವಳನ್ನೇ ಕರೀತೀನಿ."