ಒತ್ತಿದರೆ ಮುಚ್ಚುವ ಬೀಗ

ಅಕ್ಕನ ಮಗ ಹೊಸ ಫೋನು ತಂದುಕೊಟ್ಟು, "ಹೆದರ್ಬೇಡಿ ಚಿಕ್ಕಮ್ಮ. ಇದು ಬೀಗವನ್ನ ಎಲ್ಲರಿಗೂ ಹಂಚುತ್ತೆ, ಕೀಲಿ ಮಾತ್ರ ತನ್ನ ಹತ್ರಾನೇ ಇಟ್ಕೊಳ್ಳುತ್ತೆ. ಯಾರು ಬೇಕಾದ್ರೂ ಬೀಗ ಹಾಕಿ ಸುದ್ದಿ ಕಳಿಸ್ಬಹುದು, ತೆಗೆಯೋಕೆ ನಿಮಗೊಬ್ರಿಗೇ ಆಗೋದು," ಎಂದಾಗ ಮುದಿ ನರ್ಸಮ್ಮ ಬಿದ್ದು ಬಿದ್ದು ನಕ್ಕರು.

"ಹೋಗೋ, ಇದೇನು ಹೊಸದು! ನಿಮ್ಮ ಚಿಕ್ಕಪ್ಪ ಇದನ್ನೇ ಮಾಡ್ತಿದ್ರಲ್ಲೋ."

ಮಾಡುತ್ತಿದ್ದರು, ನಿಜ. ಬೀಗ ರಿಪೇರಿಯ ಆ ಪುಟ್ಟ ಅಂಗಡಿಯ ಮುಂದೆ ತೆರೆದ ಬೀಗಗಳು ಸಾಲಾಗಿ ತೂಗುತ್ತಿದ್ದವು. ಒತ್ತಿದರೆ ಸಾಕು, ಟಕ್ಕೆಂದು ಮುಚ್ಚಿಕೊಳ್ಳುವಂಥವು. ಪರವೂರಿನ ಗಿರಾಕಿಗಳು ಒಂದೊಂದು ಒಯ್ದು, ನಕಲು ಮಾಡಿಸಬೇಕಾದ ಮನೆ ಕೀಲಿಯನ್ನು ಡಬ್ಬಿಯಲ್ಲಿಟ್ಟು, ಬೀಗ ಒತ್ತಿ ಬಸ್ಸಿಗೆ ಹಾಕುತ್ತಿದ್ದರು. ಅಷ್ಟೂ ಬೀಗಕ್ಕೆ ಒಂದೇ ಕೀಲಿ, ಅದು ಅವರ ಕೊರಳಲ್ಲಿ. "ಬೀಗ ಊರಿಗೆಲ್ಲ, ಕೀಲಿ ನನಗೊಬ್ಬನಿಗೆ" ಎಂಬುದು ಅವರ ಜಂಬ. ಹೆತ್ತ ತಾಯಿ ಕೇಳಿದರೂ ಕೊಟ್ಟವರಲ್ಲ.

ಮದುವೆ ಗೊತ್ತಾದಾಗ ಈಕೆ ಇನ್ನೂ ಟ್ರೇನಿಂಗಿನ ಹುಡುಗಿ. ಅವರಿಗೆ ಕಾಗದ ಬರೆದು ಹಾಕಲೆಂದು ಅಂಥದ್ದೇ ಬೀಗವೊಂದು ಡಬ್ಬಿಯ ಸಮೇತ ನರ್ಸುಗಳ ಹಾಸ್ಟೆಲಿಗೂ ಬಂತು. ಅಲ್ಲಿನ ವಾರ್ಡನ್ನಿಗೆ ಕಂಡವರ ಕಾಗದ ಓದುವ ಚಟ. ಈ ಡಬ್ಬಿಯ ಮುಂದೆ ಮಾತ್ರ ಅವಳ ಬೇಳೆ ಬೇಯಲಿಲ್ಲ.

ಒಂದು ಭಾನುವಾರ, ಬರುತ್ತೇನೆಂದವರು ಬರಲಿಲ್ಲ. ಹುಡುಗಿಗೋ ಮೂಗಿನ ತುದಿಯಲ್ಲೇ ಕೋಪ. 'ಈ ಮದುವೆಯೇ ಬೇಡ' ಎಂದು ಗೀಚಿ, ಅವರು ತೊಡಿಸಿದ್ದ ಉಂಗುರವನ್ನೂ ಡಬ್ಬಿಗೆಸೆದು ಬೀಗ ಒತ್ತಿಬಿಟ್ಟಳು. ಬಸ್ಸಿನ ಹತ್ತಿರ ಹೋದರೆ ಕಂಡಕ್ಟರು, "ಅಯ್ಯೋ, ನಿನಗೆ ಗೊತ್ತಿಲ್ವಾ ತಂಗಿ? ಮೆಷಿನ್ನಿಗೆ ಬೆರಳು ಸಿಕ್ಕಿ, ಜ್ವರ ಬಂದು ಮಲಗಿದಾರೆ. ಡಬ್ಬಿ ಬಂತಾ ಅಂತ ದಿನಾ ಕೇಳಿ ಕಳಿಸ್ತಾರೆ," ಎಂದ.

ಹುಡುಗಿ ಡಬ್ಬಿಯನ್ನು ಅಲ್ಲೇ ನೆಲಕ್ಕಿಟ್ಟು ಕೂತಳು. ಬೀಗ ಎಳೆದಳು, ಹೇರ್‌ಪಿನ್ನು ತೂರಿಸಿದಳು. ತಾನೇ ಹಾಕಿದ ಬೀಗ, ತನಗೇ ಬಗ್ಗದು! ಉಂಗುರವಿಲ್ಲದ ಬೆರಳನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಅದೇ ಬಸ್ಸು ಹತ್ತಿದಳು.

"ಕೋಪದಲ್ಲಿ ಏನೋ ಬರೆದ್ಬಿಟ್ಟೆ. ತೆಗೀರಿ, ಆದ್ರೆ ಓದ್ಬೇಡಿ," ಎಂದು ಅಳುತ್ತಾ ಡಬ್ಬಿಯನ್ನು ಅವರ ಹಾಸಿಗೆಯ ಮೇಲಿಟ್ಟಳು.

ಅವರು ಅವಳ ಕೈಯನ್ನೊಮ್ಮೆ ನೋಡಿದರು. ಬ್ಯಾಂಡೇಜಿನ ಬೆರಳಿನಲ್ಲೇ ತಡವರಿಸುತ್ತಾ ಕೊರಳ ದಾರ ಬಿಚ್ಚಿ, ಕೀಲಿಯನ್ನು ಅವಳ ಅಂಗೈಗೆ ಹಾಕಿ, ಗೋಡೆಯ ಕಡೆ ಹೊರಳಿದರು.

"ನೀನೇ ತೆಗಿ. ಆಯ್ತು ಅಂದ್ಮೇಲೆ ತಿರುಗ್ತೀನಿ."

ಏನು ಬರೆದಿದ್ದೆ ಎಂದು ಬದುಕಿರುವ ತನಕ ಒಮ್ಮೆಯೂ ಕೇಳಲಿಲ್ಲ, ಪುಣ್ಯಾತ್ಮ. ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಕಾಲ ಇನ್ನೆಲ್ಲಿ ಬರಬೇಕು!

"ಒಂದು ನೆನಪಿರ್ಲಿ ಚಿಕ್ಕಮ್ಮ," ಅಕ್ಕನ ಮಗ ಫೋನು ಕೈಗಿಡುತ್ತಾ ಹೇಳಿದ, "ಕೀಲಿ ಮಾತ್ರ ಯಾರ್ಗೂ ಕೊಡೋ ಹಾಗಿಲ್ಲ."

ನರ್ಸಮ್ಮ ತಮ್ಮ ಕೊರಳಿನ ಹಳೇ ದಾರವನ್ನು ಮುಟ್ಟಿ ನೋಡಿಕೊಂಡರು.

"ಒಬ್ರಿಗೆ ಕೊಡ್ಬಹುದು ಕಣೋ," ಎಂದರು.