ವ್ಯಾನಿನಲ್ಲಿ ಬೆಳೆದ ಮಗಳು

ಊರಿನವರೆಲ್ಲ ಅವನನ್ನು ಪೀಪಿ ಅಣ್ಣ ಎಂದೇ ಕರೆಯುತ್ತಿದ್ದರು. ಬೆಟ್ಟದ ರಸ್ತೆಯ ಒಂದು ತಿರುವನ್ನೂ ಅವನು ಹಾರ್ನ್ ಹೊಡೆಯದೆ ದಾಟಿದವನಲ್ಲ. ಎದುರಿಗೆ ನರಪಿಳ್ಳೆಯೂ ಇಲ್ಲವೆಂದು ಕಣ್ಣಿಗೆ ಕಾಣುತ್ತಿದ್ದರೂ ಒಮ್ಮೆ ಒತ್ತಲೇಬೇಕು. ಯಾಕೆಂದು ಯಾರಾದರೂ ಕೇಳಿದರೆ, "ಬರದೆ ಇರೋರಿಗೂ ಒಂದು ಮರ್ಯಾದೆ ಬೇಡ್ವಾ?" ಎನ್ನುತ್ತಿದ್ದ.

ಮೊದಲು ಅವನು ಬೇಕರಿಯ ಬ್ರೆಡ್ಡು ಸಾಗಿಸುವ ಗಾಡಿ ಓಡಿಸುತ್ತಿದ್ದ. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಳು. ಏಳು ವರ್ಷದ ಒಬ್ಬಳೇ ಮಗಳು. ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದುದರಿಂದ ಅವಳಿಗೆ ಬುಗುರಿ ಎಂದು ಹೆಸರು ಬಿದ್ದಿತ್ತು. ಊಟಕ್ಕೆ ಕೂತರೂ ಕುರ್ಚಿಯ ಮೇಲೆ ಒಂದು ಮಂಡಿ, ನೆಲದ ಮೇಲೆ ಒಂದು ಕಾಲು.

ಆ ವರ್ಷ ಊರಿಗೆ ಸಿನಿಮಾದವರು ಬಂದರು. ಊರಿನಿಂದ ಮೇಲೆ, ರಸ್ತೆ ಮುಗಿದ ಮೇಲೂ ಇನ್ನಷ್ಟು ಮೇಲೆ, ಜನವಸತಿಯೇ ಇಲ್ಲದ ಒಂದು ಕಣಿವೆಯಿದೆ. ಎದೆಯೆತ್ತರದ ಹುಲ್ಲು, ಕಪ್ಪು ಬಂಡೆ, ನಡುವೆ ಒಂದು ತಣ್ಣನೆಯ ಸರೋವರ. ಮಧ್ಯಾಹ್ನದ ಹೊತ್ತಿಗೇ ಮಂಜು ಇಳಿದು ಎದುರಿಗಿನ ಮನುಷ್ಯ ಕಾಣದಂತಾಗುತ್ತದೆ. ದನ ಮೇಯಿಸುವವರೂ ಹೋಗದ ಆ ಜಾಗವೇ ಬೇಕೆಂದು ಅವರು ಹುಡುಕಿಕೊಂಡು ಬಂದಿದ್ದರು. ಮಂಜಿನ ರಾಜ್ಯವೊಂದರ ಕಥೆ. ರಾಜ, ಮಾಟಗಾತಿ, ರೆಕ್ಕೆಯಿರುವ ಕುದುರೆ. ಊರಿನಲ್ಲಿ ಗಾಡಿ ಓಡಿಸಬಲ್ಲವರಿಗೆಲ್ಲ ಕೆಲಸ ಸಿಕ್ಕಿತು. ಪೀಪಿ ಅಣ್ಣ ಲೈಟು, ಹಲಗೆ, ಜನ ಎಲ್ಲವನ್ನೂ ಅವರು ಕಡಿಸಿದ ಮಣ್ಣುದಾರಿಯಲ್ಲಿ ಮೇಲಕ್ಕೆ ಸಾಗಿಸಿದ. ಹೆಂಡತಿಗೆ ಬೂದು ಬಣ್ಣದ ಉಣ್ಣೆಯ ನಿಲುವಂಗಿಗಳನ್ನು ಹೊಲಿಯುವ ಕೆಲಸ ಬಂತು. ಮಂಜಿನಲ್ಲಿ ವಾಸಿಸುವ ಮಕ್ಕಳು ಎಂದು ಊರಿನ ಮಕ್ಕಳನ್ನು ಆರಿಸಿದಾಗ ಬುಗುರಿಯೂ ಸೇರಿಕೊಂಡಳು.

ಮಕ್ಕಳ ಮುಖಕ್ಕೆ ಬೂದುನೀಲಿ ಬಳಿದು, ಇಳಿಜಾರಿನಲ್ಲಿ ಸರೋವರದ ಕಡೆಗೆ ಓಡಿ ಎಂದರು. ಕ್ಯಾಮೆರಾ ಕಡೆ ನೋಡಬಾರದು ಎಂದರು. ಬುಗುರಿ ಪ್ರತಿ ಸಲವೂ ನೋಡಿದಳು. ಕೊನೆಗೆ ಸಹಾಯಕ ನಿರ್ದೇಶಕಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಕ್ಯಾಮೆರಾ ಮಲಗಿದೆ ಪುಟ್ಟಾ, ನೀನು ನೋಡಿದ್ರೆ ಎದ್ಬಿಡುತ್ತೆ" ಎಂದು ಪಿಸುಗುಟ್ಟಿದಳು. ಆಗ ಅವಳು ಕುತ್ತಿಗೆ ಬಿಗಿಹಿಡಿದು, ಎರಡೂ ಕೈ ಬೀಸಿಕೊಂಡು ಓಡಿದಳು. ಸಿನಿಮಾದಲ್ಲಿ ಉಳಿದಿದ್ದು ಆ ಓಟವೇ.

ಚಳಿ ಶುರುವಾದಾಗ ಸಿನಿಮಾದವರು ಬಿಟ್ಟುಹೋದ ಒಂದೆರಡು ದೃಶ್ಯಗಳಿಗಾಗಿ ಮತ್ತೆ ಬಂದರು. ಪೀಪಿ ಅಣ್ಣ ಅವರ ಜೊತೆ ಮೇಲೆ ಹೋಗಿ ಡೇರೆಯಲ್ಲಿ ಉಳಿದ. ಕಣಿವೆಯಲ್ಲಿ ಫೋನು ಸಿಗುವುದಿಲ್ಲ. ಇತ್ತ ಮಗಳಿಗೆ ಜ್ವರ ಬಂತು. ಬೆಳಿಗ್ಗೆ ಬರೀ ಮೈ ಬಿಸಿಯಿದ್ದುದು ಮಧ್ಯಾಹ್ನಕ್ಕೆ ತಲೆಗೇರಿ, ಸಂಜೆಗೆ ತಾಯಿಯ ಗುರುತೂ ಹತ್ತದಂತಾಯಿತು. ಬೇಕರಿಯವನ ಗಾಡಿಯಲ್ಲಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೆಂಡತಿ ದೊಡ್ಡ ಆಸ್ಪತ್ರೆಗೆ ಓಡಿದಳು. ಸುದ್ದಿ ಹೊತ್ತವನೊಬ್ಬ ಬೆಟ್ಟ ಹತ್ತಿ ಮೇಲೆ ಹೋಗಿ, ಪೀಪಿ ಅಣ್ಣ ಕೆಳಗಿಳಿದು ಆಸ್ಪತ್ರೆ ಸೇರುವ ಹೊತ್ತಿಗೆ ಹೆಂಡತಿ ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಅವಳ ಕೈಯಲ್ಲಿ ಮಗುವಿನ ಕಾಲುಚೀಲಗಳಿದ್ದವು. ಅವನು ಏನನ್ನೂ ಕೇಳಲಿಲ್ಲ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಸಿನಿಮಾ ತೆರೆಗೆ ಬಂದಿದ್ದು ಮರುವರ್ಷ. ಲೋಕವೆಲ್ಲ ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಹೆಂಡತಿ ನೋಡಲು ಹೋಗಲಿಲ್ಲ. ಪೀಪಿ ಅಣ್ಣ ಒಬ್ಬನೇ ಹೋಗಿ, ಆಟ ಮುಗಿದ ಮೇಲೆ ಎದ್ದು ಬಂದು, ಇನ್ನೊಂದು ಟಿಕೆಟು ಕೊಂಡು ಮತ್ತೆ ಒಳಗೆ ಹೋದ. ಆಮೇಲೆ ಕಣಿವೆಯನ್ನು ನೋಡಲು ಜನ ಬರತೊಡಗಿದರು. ಅವನು ಬೇಕರಿ ಬಿಟ್ಟು ಒಂದು ಹಳೆಯ ವ್ಯಾನು ಕೊಂಡ. ಚಾಲಕನ ಸೀಟಿನ ಹಿಂದೆ ಒಂದು ಚಿಕ್ಕ ಪರದೆ ಕೂರಿಸಿದ. ಯಾವ ಜಾಗ ಬರುತ್ತದೋ ಅಲ್ಲಿಯ ದೃಶ್ಯವನ್ನು ಮೊದಲು ಪರದೆಯ ಮೇಲೆ ತೋರಿಸಿ, ಆಮೇಲೆ ಬಾಗಿಲು ತೆರೆಯುತ್ತಿದ್ದ.

ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಂಡೆಯ ಮುಂದೆ ಇಳಿದವರು ಪೆಚ್ಚಾಗಿ, "ಕೋಟೆ ಎಲ್ಲಿ?" ಎಂದು ಕೇಳಿದರೆ, "ಕೋಟೆ ಕಂಪ್ಯೂಟರಲ್ಲಿದೆ ಸ್ವಾಮಿ, ನಮ್ಮ ಕಡೆ ಬರೀ ಗಾಳಿ. ಗಾಳಿ ಮಾತ್ರ ಅಸಲಿ" ಎನ್ನುತ್ತಿದ್ದ. ಜನ ನಕ್ಕು, ಬಾಡಿಗೆಯ ನಿಲುವಂಗಿ ಹೊದ್ದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆ ನಿಲುವಂಗಿಗಳನ್ನು ಹೊಲಿಯುತ್ತಿದ್ದವಳು ಅವನ ಹೆಂಡತಿಯೇ. ಮಕ್ಕಳ ಅಳತೆಯದನ್ನು ಮಾತ್ರ ಅವಳು ಹೊಲಿಯುತ್ತಿರಲಿಲ್ಲ.

ವ್ಯಾನು ಕೊಂಡ ಮೊದಲ ವರ್ಷದ ಮಾತು. ಮಂಜಿನ ಮಕ್ಕಳ ಓಟ ಪರದೆಯ ಮೇಲೆ ಬಂದಾಗ ಮುದುಕರೊಬ್ಬರು, "ಈ ಮಕ್ಕಳೆಲ್ಲ ಇಲ್ಲಿಯವರಾ?" ಎಂದು ಕೇಳಿದರು.

"ಇಲ್ಲಿಯವ್ರೇ. ಆ ಮೂರನೇದು, ಕೈ ಬೀಸ್ಕೊಂಡು ಓಡ್ತಿರೋದು, ನನ್ನ ಮಗಳು."

"ಅರೆ! ಈಗ ಎಷ್ಟನೇ ಕ್ಲಾಸು?"

"ನಾಲ್ಕನೇ ಕ್ಲಾಸು."

ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ತಾನಾಗಿ ಲೆಕ್ಕ ಹಾಕಿ ಹೇಳಿಬಿಟ್ಟಿತ್ತು. ವ್ಯಾನಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬಹಳ ದಿನಗಳ ಮೇಲೆ ಮೊದಲ ಸಲ ಅವನಿಗೆ ಬೆಚ್ಚಗೆನಿಸಿತು.

ಅಲ್ಲಿಂದ ಅವಳು ಬೆಳೆದಳು. ಹೊಸ ವರ್ಷಕ್ಕೊಂದು ಹೊಸ ಕ್ಲಾಸು. ಜನ ಬರೀ ಕ್ಲಾಸು ಕೇಳಿ ಸುಮ್ಮನಾಗುವವರಲ್ಲ. ಮತ್ತೆ ನಟಿಸುತ್ತಾಳಾ? ಇಲ್ಲ, ಚಿತ್ರ ಬರೆಯುತ್ತಾಳೆ. ನಿಮ್ಮ ಹಾಗೇ ಮಾತುಗಾರ್ತಿಯಾ? ಅಯ್ಯೋ, ನನ್ನ ಬಾಯಿ ಮುಚ್ಚಿಸ್ತಾಳೆ. ಹೀಗೆ ವ್ಯಾನು ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಅವಳಿಗೊಂದು ಜಡೆ ಬಂತು, ಹಟ ಬಂತು, ಗೆಳತಿಯರು ಬಂದರು. ಮನೆಗೆ ಬಂದರೆ ಮಾತ್ರ ಅವನ ಬಾಯಿಗೆ ಬೀಗ. ಗಂಡ ಹೆಂಡತಿ ಮಗಳ ಹೆಸರನ್ನು ಎತ್ತುತ್ತಿರಲಿಲ್ಲ. ಅವಳ ಮಂಚ ಮಡಚಿಕೊಂಡು ಬಟ್ಟೆಯ ಕಪಾಟಿನ ಹಿಂದೆ ನಿಂತಿತ್ತು. ಅದನ್ನು ಸರಿಸಿ ಗುಡಿಸುತ್ತಿದ್ದರೇ ಹೊರತು ಅದರ ಬಗ್ಗೆ ಮಾತಿಲ್ಲ.

ಒಂದು ಮಧ್ಯಾಹ್ನ, ಅವನು ವ್ಯಾನು ತೆಗೆದುಕೊಂಡು ಹೋಗಿದ್ದಾಗ, ಐವತ್ತು ದಾಟಿದ ಹೆಂಗಸೊಬ್ಬರು ಅಂಗಡಿಯ ಬಾಗಿಲಲ್ಲಿ ನಿಂತರು. ದೂರದ ಊರಿನಲ್ಲಿ ನರ್ಸಂತೆ. ಎರಡು ವರ್ಷದ ಹಿಂದೆ ಒಮ್ಮೆ ಕಣಿವೆ ನೋಡಿ ಹೋಗಿದ್ದರಂತೆ. ಮತ್ತೆ ನೋಡಬೇಕೆನಿಸಿ ಬಂದಿದ್ದರು.

"ಪೀಪಿ ಅಣ್ಣನ ಮನೆ ಇದೇನಾ?"

"ಹೌದು. ಅವ್ರು ಮೇಲೆ ಹೋಗಿದಾರೆ. ಸಂಜೆ ಬರ್ತಾರೆ."

"ಅವ್ರನ್ನ ನಾಳೆ ವ್ಯಾನಲ್ಲಿ ನೋಡ್ತೀನಿ ಬಿಡಿ. ನಿಮ್ಮ ಮಗಳನ್ನ ನೋಡೋಣ ಅಂತ ಬಂದೆ. ಸ್ಕೂಲಿಂದ ಬಂದ್ಲಾ?"

ಹೊಲಿಗೆ ಯಂತ್ರದ ಚಕ್ರದ ಮೇಲಿದ್ದ ಹೆಂಡತಿಯ ಕೈ ನಿಂತಿತು. ನರ್ಸಮ್ಮ ಚೀಲದಿಂದ ಬಣ್ಣದ ಪೆಟ್ಟಿಗೆಯೊಂದನ್ನು ತೆಗೆದರು. ಮಕ್ಕಳಾಟದ್ದಲ್ಲ, ಕುಂಚಗಳೂ ಇದ್ದ ಒಳ್ಳೆಯ ಪೆಟ್ಟಿಗೆ.

"ಚಿತ್ರ ಅಂದ್ರೆ ಪ್ರಾಣ ಬಿಡ್ತಾಳೆ ಅಂದಿದ್ರು ಅಣ್ಣ. ಆಗ ಎಂಟನೇ ಕ್ಲಾಸು. ಈಗ ಹತ್ತು, ಅಲ್ವಾ?"

ಹೆಂಡತಿ ಅವರ ಮುಖವನ್ನೇ ನೋಡಿದಳು. ಪಾಪ, ಆ ಮುಖದಲ್ಲಿ ಏನೂ ಕಲ್ಮಷವಿರಲಿಲ್ಲ.

"ಇನ್ನೂ ಬಂದಿಲ್ಲ" ಎಂದಳು. ಎರಡೂ ಕೈ ಚಾಚಿ ಪೆಟ್ಟಿಗೆ ತೆಗೆದುಕೊಂಡಳು.

ಸಂಜೆ ಪೀಪಿ ಅಣ್ಣ ಒಳಗೆ ಕಾಲಿಟ್ಟವನು ಮೇಜಿನ ಮೇಲಿನ ಪೆಟ್ಟಿಗೆಯನ್ನು ನೋಡಿ ಅಲ್ಲೇ ನಿಂತ.

"ಯಾರದು?"

"ಒಬ್ರು ನರ್ಸಮ್ಮ ಕೊಟ್ಟು ಹೋದ್ರು. ಹತ್ತನೇ ಕ್ಲಾಸಲ್ಲಿ ಓದೋ ಹುಡುಗಿಗಂತೆ."

ಅವನು ಬೂಟು ಬಿಚ್ಚದೆ ಹೊಸ್ತಿಲ ಮೇಲೇ ಕುಸಿದು ಕೂತ. ಬೈಗುಳ ಬರಲಿ, ಬಂದು ಮುಗಿಯಲಿ ಎಂದು ತಲೆ ತಗ್ಗಿಸಿ ಕಾದ. ಬೈಗುಳ ಬರಲಿಲ್ಲ.

"ಎಷ್ಟು ವರ್ಷದಿಂದ ರೀ?"

"ವ್ಯಾನು ತಗೊಂಡಾಗಿಂದ."

"ಅಷ್ಟು ವರ್ಷ ಒಬ್ರೇ ಸಾಕಿದ್ರಾ ಅವಳನ್ನ?"

ಅವನು ತಲೆಯೆತ್ತಿದ.

"ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲೇ ಇಲ್ವಾ ನಿಮಗೆ? ನನ್ನ ಹತ್ರ ಅವಳಿಗಿನ್ನೂ ಏಳೇ ವರ್ಷ. ಆ ಬೆಂಚಿನ ಹತ್ರಾನೇ ನಿಂತಿದಾಳೆ. ಒಂದಿಂಚು ಬೆಳೆದಿಲ್ಲ. ನೀವು ನೋಡಿದ್ರೆ ಕೈ ಹಿಡ್ಕೊಂಡು ಹತ್ತನೇ ಕ್ಲಾಸಿನ ತನಕ ಕರ್ಕೊಂಡು ಹೋಗಿದೀರಿ. ಊರೂರಿನ ಜನ ನೋಡಿದಾರೆ ಅವಳನ್ನ. ನಾನೊಬ್ಳು ನೋಡಿಲ್ಲ."

ಅವನು ಮುಖ ಮುಚ್ಚಿಕೊಂಡು ಅತ್ತ. ಆಸ್ಪತ್ರೆಯಲ್ಲಿ, ಆಮೇಲೆ ಎಲ್ಲ ಮುಗಿಸಿ ಮನೆಗೆ ಬಂದಾಗ, ಆಗೆಲ್ಲ ಅಳದವನು ಈಗ ದೊಡ್ಡ ದನಿ ತೆಗೆದು ಅತ್ತ. ಹೆಂಡತಿ ತಡೆಯಲಿಲ್ಲ. ಅವನ ಅಳು ಒಂದು ಹದಕ್ಕೆ ಬಂದ ಮೇಲೆ ಬಂದು ಪಕ್ಕದಲ್ಲಿ ಕೂತಳು.

"ಹೇಳಿ. ಹೇಗಿದಾಳೆ?"

ಅವನು ತೋಳಿನಿಂದ ಮುಖ ಒರೆಸಿಕೊಂಡ. "ಎತ್ತರ" ಎಂದ ಕೊನೆಗೆ. "ನಿನಗಿಂತ ಒಂದು ಗೇಣು ಜಾಸ್ತಿ."

"ನಿಮ್ಮ ಅಕ್ಕನ ತರ."

"ಹ್ಞೂಂ. ಕನ್ನಡಕ ಹಾಕ್ತಾಳೆ."

"ಕನ್ನಡಕ ಯಾಕೆ? ನಿಮ್ಮನೇಲೂ ಇಲ್ಲ, ನಮ್ಮನೇಲೂ ಇಲ್ಲ."

"ಯಾರೋ ಏನೋ ಕೇಳಿದ್ರು, ಬಾಯಿಗೆ ಬಂತು."

"ತೆಗೀರಿ ಅದನ್ನ."

"ತೆಗ್ದೆ."

"ಲೆಕ್ಕ ಹೇಗೆ ಮಾಡ್ತಾಳೆ?"

"ಲೆಕ್ಕದಲ್ಲಿ ದೊಡ್ಡ ಸೊನ್ನೆ."

"ಅದು ಬೇಕಾದ್ರೆ ಇರ್ಲಿ. ಅದು ನಿಮ್ಮ ಆಸ್ತಿ" ಎಂದು ಅವಳು ನಕ್ಕಳು. ನಗು ನಡುವೆಯೇ ಮುರಿದು ಬಿತ್ತು. ಸೆರಗು ಬಾಯಿಗೆ ಒತ್ತಿಕೊಂಡಳು.

ಅಡುಗೆ ಆಗಲಿಲ್ಲ. ಇದ್ದ ಬ್ರೆಡ್ಡು ತಿಂದರು. ತಟ್ಟೆ ಎತ್ತಿಡುತ್ತ ಅವಳು ಹೇಳಿದಳು, "ಆ ಯಮ್ಮನಿಗೆ ನಿಜ ಹೇಳ್ಬೇಕು ರೀ. ಅಷ್ಟು ದೂರದಿಂದ ಹೊತ್ಕೊಂಡು ಬಂದಿದಾರೆ. ನಾನೂ ಅವ್ರ ಮುಖ ನೋಡ್ಕೊಂಡೇ ಸುಳ್ಳು ಹೇಳ್ಬಿಟ್ಟೆ. ನಾಳೆ ನಾನೂ ವ್ಯಾನಿಗೆ ಬರ್ತೀನಿ."

ಮರುದಿನ ಅವಳು ಮುಂದಿನ ಸೀಟಿನಲ್ಲಿ ಕೂತಳು. ಮಗಳು ಹೋದ ಮೇಲೆ ಆ ದಾರಿಯಲ್ಲಿ ಅವಳು ಬರುತ್ತಿದ್ದುದು ಅದೇ ಮೊದಲು. ಗಂಡ ಅಂದು ತಮಾಷೆ ಮಾತೊಂದನ್ನೂ ಆಡಲಿಲ್ಲ. ಇಳಿಜಾರಿನ ಬುಡದಲ್ಲಿ ವ್ಯಾನು ನಿಲ್ಲಿಸಿ, ಎಂದಿನಂತೆ ಪರದೆ ಹಚ್ಚಿದ. ಅವಳು ಹಿಂದಕ್ಕೆ ಬಂದು ಅವನ ಸೀಟಿನ ಹಿಂದಿನ ಪರದೆಯ ಎದುರು ಕೂತಳು.

ಮಂಜು. ಮಂಜಿನೊಳಗಿಂದ ಬೂದು ನಿಲುವಂಗಿಯ ಮಕ್ಕಳು. ಮೂರನೆಯವಳು ಎರಡೂ ಕೈ ಬೀಸಿ, ಕುತ್ತಿಗೆ ಬಿಗಿಹಿಡಿದು ಓಡಿ ಬಂದಳು. ಮಕ್ಕಳ ನಗು ವ್ಯಾನಿನ ತುಂಬ ತುಂಬಿತು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಎಲ್ಲ ಮುಗಿದು ಪರದೆಯ ಮೇಲೆ ರೆಕ್ಕೆಯ ಕುದುರೆ ಬಂತು.

"ನಗು ಅವಳದಲ್ಲ" ಎಂದಳು ಹೆಂಡತಿ, ಮುಂದಕ್ಕೆ ಬಾಗಿ ಅವನಿಗೆ ಮಾತ್ರ ಕೇಳುವಂತೆ.

"ಗೊತ್ತು. ಆಮೇಲೆ ಬೇರೆ ಮಕ್ಕಳದ್ದು ಸೇರಿಸಿದಾರೆ."

"ಓಟ ಅವಳದೇ."

"ಹ್ಞೂಂ. ಓಟ ಅವಳದೇ."

ಜನ ಇಳಿದು ಹುಲ್ಲಿನ ನಡುವೆ ಚೆದುರಿದ ಮೇಲೆ ಗಂಡ ಹೆಂಡತಿ ನರ್ಸಮ್ಮನನ್ನು ಪಕ್ಕಕ್ಕೆ ಕರೆದರು. ಪೀಪಿ ಅಣ್ಣ ಸುತ್ತುಬಳಸದೆ ಹೇಳಿದ. ಮಗಳು ಇಲ್ಲ, ಸಿನಿಮಾ ಬರುವ ಮೊದಲೇ ಜ್ವರದಲ್ಲಿ ಹೋದಳು, ಹೇಳಿದ್ದೆಲ್ಲ ಸುಳ್ಳು, ತಪ್ಪಾಯ್ತು. ನರ್ಸಮ್ಮ ಹತ್ತಿರದ ಬಂಡೆಯ ಮೇಲೆ ಕೂತರು. ಆಮೇಲೆ, "ಯಾವ ಜ್ವರ?" ಎಂದು ಕೇಳಿದರು. ಹೆಂಡತಿ ಎಲ್ಲವನ್ನೂ ಹೇಳಿದಳು: ಬೆಳಿಗ್ಗೆ ಹೇಗಿತ್ತು, ಯಾವಾಗ ಕಣ್ಣು ತೇಲಿಸಿದಳು, ಡಾಕ್ಟರು ಏನೆಂದರು. ಗಂಡನೆದುರು ಅವಳು ಅದನ್ನು ಹೇಳಿದ್ದೂ ಅದೇ ಮೊದಲು. ಅವನು ಈವರೆಗೆ ಕೇಳಿರಲಿಲ್ಲ, ಕೇಳುವ ಧೈರ್ಯವಿರಲಿಲ್ಲ.

"ನಾನು ಅವತ್ತು ಊರಲ್ಲೇ ಇದ್ದು ಬೇಗ ಗಾಡಿ ತೆಗೆದಿದ್ರೆ ಉಳೀತಿದ್ಲಾ?" ಎಂದ.

ನರ್ಸಮ್ಮ ಅವನನ್ನು ನೇರವಾಗಿ ನೋಡಿದರು. "ಗೊತ್ತಿಲ್ಲ ಅಣ್ಣಾ. ಉಳೀತಿರ್ಲಿಲ್ಲ ಅಂತ ಹೇಳಿ ನಿಮ್ಮನ್ನ ಸಮಾಧಾನ ಮಾಡ್ಬಹುದು. ಆದ್ರೆ ನಾನು ಅಲ್ಲಿರ್ಲಿಲ್ಲ. ನನಗೆ ನಿಜವಾಗ್ಲೂ ಗೊತ್ತಿಲ್ಲ."

ಅವನು ತಲೆಯಾಡಿಸಿದ. ಸಮಾಧಾನವಾಗಲಿಲ್ಲ. ಆದರೂ ಇಷ್ಟು ವರ್ಷ "ಹಣೆಬರಹ, ಬಿಡಪ್ಪಾ" ಎಂದವರ ಮಾತಿಗಿಂತ ಆ ಮಾತು ಅವನಿಗೆ ಹಿಡಿಸಿತು. ಪೆಟ್ಟಿಗೆಯನ್ನು ನರ್ಸಮ್ಮ ವಾಪಸು ತೆಗೆದುಕೊಳ್ಳಲಿಲ್ಲ. ಆ ವಾರವೇ ಹೆಂಡತಿ ಅದನ್ನು ಊರಿನ ಶಾಲೆಗೆ ಕೊಟ್ಟು ಬಂದಳು.

ಇನ್ನು ಮೇಲೆ ಹಾಗೆ ಹೇಳಬೇಡಿ ಎಂದು ಅವಳು ಗಂಡನಿಗೆ ಅಪ್ಪಣೆಯನ್ನೇನೂ ಮಾಡಲಿಲ್ಲ. ಕೆಲವು ವಾರ ಅವನು ಮಕ್ಕಳ ದೃಶ್ಯವನ್ನೇ ಹಾರಿಸಿ ಮುಂದೆ ಹೋದ. ಜನ ಬಿಡಲಿಲ್ಲ, ಅದನ್ನೇ ಕೇಳಿದರು. ಮತ್ತೆ ಹಚ್ಚಿದ. ಒಂದು ಸಂಜೆ ಮನೆಗೆ ಬಂದವನು, ಹೊಲಿಯುತ್ತಿದ್ದ ಹೆಂಡತಿಯ ಎದುರು ನಿಂತು, "ಇವತ್ತು ವ್ಯಾನಲ್ಲೂ ಹೋದ್ಲು" ಎಂದ.

ಅವಳಿಗೆ ತಕ್ಷಣ ಅರ್ಥವಾಯಿತು. "ಯಾರು ಕೇಳಿದ್ರು?"

"ಯಾರೋ ಹೊಸದಾಗಿ ಮದುವೆಯಾದವ್ರು. ಈಗೇನು ಮಾಡ್ತಿದಾಳೆ ಕೈ ಬೀಸ್ಕೊಂಡು ಓಡೋ ಆ ಹುಡುಗಿ ಅಂದ್ರು. ತೀರ್ಕೊಂಡ್ಲು, ನನ್ನ ಮಗಳು ಅಂದೆ."

"ಆಮೇಲೆ?"

"ಆಮೇಲೇನು. ಇಳಿಯುವಾಗ ಒಬ್ಬಜ್ಜಿ ನನ್ನ ತಲೆ ಮುಟ್ಟಿ ಹೋದ್ರು. ಎರಡು ಸಲ ಕಳ್ಕೊಂಡ ಹಾಗಾಯ್ತು ಕಣೇ."

"ನನಗೆ ಒಂದೇ ಸಲ" ಎಂದಳು ಅವಳು, ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು. "ಬನ್ನಿ, ಕೂತ್ಕೊಳ್ಳಿ."

ಕೆಲವು ವರ್ಷಗಳಲ್ಲಿ ಬೇರೆಲ್ಲೋ ಬೇರೆ ಸಿನಿಮಾ ಬಂದು ಜನ ಆ ಕಡೆ ತಿರುಗಿದರು. ಅವನು ವ್ಯಾನು ಮಾರಿ ಮತ್ತೆ ಬೇಕರಿಯ ಗಾಡಿ ಹಿಡಿದ. ಕಣಿವೆಗೆ ಹೋಗುವ ದಾರಿಯಲ್ಲಿ ಹುಲ್ಲು ಬೆಳೆದಿದೆ. ಮೊಣಕಾಲು ನೋವಿದ್ದರೂ ಚಳಿ ಶುರುವಾಗುವ ಮುನ್ನ ಒಂದು ದಿನ ಇಬ್ಬರೂ ನಡೆದೇ ಮೇಲೆ ಹೋಗುತ್ತಾರೆ. ಇಳಿಜಾರಿನಲ್ಲಿ ಕೂತು ಫ್ಲಾಸ್ಕಿನ ಚಹ ಕುಡಿಯುತ್ತಾರೆ. ಮಾತು ಮಗಳದೇ ಇರುತ್ತದೆ. ಮಂಚ ಹತ್ತಲು ಹೇಗೆ ಹಟ ಮಾಡುತ್ತಿದ್ದಳು, ಸೂಜಿಗೆ ದಾರ ಪೋಣಿಸಲು ಹೇಗೆ ನಾಲಗೆ ಹೊರಗೆ ಹಾಕುತ್ತಿದ್ದಳು, ಎಲ್ಲ ಏಳು ವರ್ಷದೊಳಗಿನದು. ಮಂಜು ಇಳಿಯತೊಡಗಿದರೆ ದಾರಿ ಕಾಣುವುದಿಲ್ಲವಾದ್ದರಿಂದ, ಅದಕ್ಕೆ ಮೊದಲೇ ಎದ್ದು ಹೊರಡುತ್ತಾರೆ.