ಬೈಕಿನ ಹಿಂದೆ ಹೊಳೆದ ಸೀಡಿ

ಮುದ್ದೇಬಿಹಾಳದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಫೋಟೋ ಸ್ಟುಡಿಯೋ ಇಟ್ಟಿದ್ದರು. ಕಂಪ್ಯೂಟರ್ ಇದ್ದವರು ಯಾರೇ ಸಿಗಲಿ, ಹೆಗಲ ಚೀಲದಿಂದ, ವಿಂಡೋಸ್ ಇಲ್ಲದೆಯೂ ಕಂಪ್ಯೂಟರ್ ನಡೆಸುವ ಲಿನಕ್ಸ್ ಸೀಡಿಯೊಂದನ್ನು ತೆಗೆದು, ಅಂಗಿಯ ತುದಿಗೆ ಒರೆಸಿ ಕೈಗಿಡುತ್ತಿದ್ದರು.

"ಪುಕ್ಕಟ ಐತ್ರಿ. ನೀವು ನೋಡ್ರಿ, ಆಮ್ಯಾಲ ಇನ್ನೊಬ್ಬರಿಗಿ ಕೊಡ್ರಿ."

ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ಪುಕ್ಕಟೆ ಬಂದದ್ದನ್ನು ನಂಬಿದರೆ ನನ್ನ ಡಿಗ್ರಿಯ ಮರ್ಯಾದೆ ಏನಾಗಬೇಕು? ವೈರಸ್ ಕೊಲ್ಲುವ ಸೀಡಿಯನ್ನು ವಿಜಾಪುರದಿಂದ ದುಡ್ಡು ಕೊಟ್ಟು ತಂದು ಕಪಾಟಿನಲ್ಲಿ ಕಾಪಾಡಿದ್ದೆ. ಅವರು ಕೊಟ್ಟದ್ದನ್ನು ಬೈಕಿನ ಹಿಂದೆ ತಂತಿಯಿಂದ ಕಟ್ಟಿದ್ದೆ. ಬಿಸಿಲಿಗೆ ಬಹಳ ಚೆನ್ನಾಗಿ ಹೊಳೆಯುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ನನ್ನ ಕಂಪ್ಯೂಟರ್ ವೈರಸ್ ಬಡಿದು ಮಲಗಿತು. ಪ್ರಶ್ನೆಪತ್ರಿಕೆ ಅದರೊಳಗೇ ಇತ್ತು. ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟ ವಿಜಾಪುರದ ಸೀಡಿ ಕೆಲಸ ಮಾಡಬೇಕಾದರೆ ಮೊದಲು ಕಂಪ್ಯೂಟರ್ ಏಳಬೇಕಂತೆ! ಓಡಿಹೋಗಿ ಅವರನ್ನು ಕರೆತಂದೆ.

"ನನ್ನ ಹತ್ರ ಇದ್ದದ್ದೆಲ್ಲಾ ಹಂಚಿಬಿಟ್ಟೇನ್ರಿ. ನಿಮಗೊಂದು ಕೊಟ್ಟಿದ್ನಲ್ಲಾ, ಎಲ್ಲೈತ್ರಿ?"

ನಾನು ಬೈಕಿನ ಕಡೆ ಕೈ ತೋರಿಸಿದೆ.

ಅವರು ನಗಲಿಲ್ಲ. ತಂತಿ ಬಿಚ್ಚಿ, ಧೂಳನ್ನು ಅಂಗಿಯ ತುದಿಗೆ ಒರೆಸಿ, ಸೀಡಿಯನ್ನು ಒಳಗೆ ತಳ್ಳಿದರು. ಕಂಪ್ಯೂಟರ್ ಅದರಿಂದಲೇ ಎದ್ದು ಕೂತಿತು. ನನ್ನ ಪ್ರಶ್ನೆಗಳೆಲ್ಲ, ತಪ್ಪುಗಳ ಸಮೇತ, ಹಾಗೇ ಇದ್ದವು.

ಪ್ರಿಂಟ್ ಬಂದ ಮೇಲೆ ಅವರು ಸೀಡಿಯನ್ನು ಚೀಲಕ್ಕೆ ಹಾಕಿಕೊಂಡರು. "ನೀವು ನೋಡಿದ್ರಿ. ಇನ್ನೊಬ್ಬರಿಗಿ ನಾನ ಕೊಡ್ತೇನಿ."

ಹೊರಡುವಾಗ ಮೇಜಿನ ಮೇಲಿದ್ದ ವಿಜಾಪುರದ ಸೀಡಿಯನ್ನು ಎತ್ತಿಕೊಂಡು ಹೋಗಿ, ಅದೇ ತಂತಿಯಿಂದ ಬೈಕಿಗೆ ಕಟ್ಟಿ, ಸ್ವಲ್ಪ ಹಿಂದೆ ಸರಿದು ನೋಡಿದರು.

"ಇದೂ ಚಲೋ ಹೊಳಿತೈತಿ ಬಿಡ್ರಿ, ಸರ್."